ತೋಟೆ ಕೇಳಿದವಳಿಗೆ ಗಿಲಕಿ ಕಳುಹಿಸಿದ ಸಂಸ್ಥೆಗೆ

ಮಾನ್ಯ ಪ್ರಧಾನ ವ್ಯವಸ್ಥಾಪಕರು,
ಜಯಘಂಟೆ ಲೋಹ ಭಂಡಾರ, ಆನ್‌ಲೈನ್ ಮಾರಾಟ ವಿಭಾಗ,
ಊರು: ತಮ್ಮ ಜಾಲತಾಣದಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ.

ಮಾನ್ಯರೇ,

ಮೊದಲಿಗೆ ತಮಗೂ, ತಮ್ಮ ಸಮಸ್ತ ಸಿಬ್ಬಂದಿಗೂ, ಹಗಲಿರುಳೆನ್ನದೆ ಫೋನಿನಲ್ಲಿ ಉತ್ತರಿಸುವ ತಮ್ಮ ಆ ಮಧುರಕಂಠದ ಯಂತ್ರಕ್ಕೂ ಬೈಂದೂರು ತಾಲೂಕಿನ ಯಡ್ತರೆಯಿಂದ ನನ್ನ ಅನಂತ ನಮಸ್ಕಾರಗಳು. ತಮ್ಮ ಗೋದಾಮಿನ ಹಿತ್ತಾಳೆಗೆ ಎಂದೆಂದೂ ಕಿಲುಬು ಹಿಡಿಯದಿರಲಿ. ಉಪ್ಪುಗಾಳಿಯ ಊರಿನವಳಾದ ನನಗೆ ಹಿತ್ತಾಳೆ ವ್ಯಾಪಾರಿಗೆ ಕೊಡಲು ಇದಕ್ಕಿಂತ ದೊಡ್ಡ ಆಶೀರ್ವಾದ ತಿಳಿದಿಲ್ಲ. ತಮ್ಮ ಸಂಸ್ಥೆಯಿಂದ ನನಗಾದ ಅನುಭವವನ್ನು ತಮ್ಮ ಕಿವಿಗಷ್ಟೇ ಹಾಕೋಣವೆಂದು ಹಲವು ಸಲ ಫೋನು ಮಾಡಿದೆ. ಪ್ರತಿ ಸಲವೂ ಯಂತ್ರವು ನನ್ನ ಕರೆ ತಮಗೆ ಅತ್ಯಮೂಲ್ಯ ಎಂದು ಹೇಳಿ, ಅಮೂಲ್ಯವಾದದ್ದನ್ನು ಎಲ್ಲರೂ ಮಾಡುವ ಹಾಗೆ ಎಲ್ಲೋ ಒಳಗೆ ಬೀಗ ಹಾಕಿ ಇಟ್ಟುಬಿಟ್ಟಿತು. ಆದಕಾರಣ ಈ ಬಹಿರಂಗ ಪತ್ರ.

ನನ್ನ ಹೆಸರು ಬೇಬಿ ಶೆಡ್ತಿ, ವಯಸ್ಸು ಅರವತ್ತೊಂದು. ನಾನು ಹುಟ್ಟಿದಾಗ ಯಾವ ಹೆಸರಿಡಬೇಕೆಂಬುದರಲ್ಲಿ ಅಜ್ಜಿಗೂ ಅಪ್ಪಯ್ಯನಿಗೂ ರಾಜಿಯಾಗದೆ, ರಾಜಿಯಾಗುವ ತನಕ ಇದೊಂದು ಇರಲಿ ಎಂದು ಕರೆದ ಹೆಸರೇ ಶಾಲೆಯ ದಾಖಲೆಗೆ ಹೋಗಿ, ಅಲ್ಲಿಂದ ಪಡಿತರ ಚೀಟಿಗೆ ಹತ್ತಿ, ಕೊನೆಗೆ ಕೋವಿಯ ಪರವಾನಗಿಯ ಮೇಲೂ ಕುಳಿತಿದೆ. ನಮ್ಮ ಕಡೆ ತುಂಬಿದ ಬಸ್ಸಿನಲ್ಲಿ ಯಾರಾದರೂ ‘ಬೇಬಿ’ ಎಂದು ಕೂಗಿದರೆ ಒಬ್ಬಿಬ್ಬರಾದರೂ ಅಜ್ಜಿಯರು ತಿರುಗಿ ನೋಡುತ್ತಾರೆ. ಈ ಸಂಗತಿ ತಮ್ಮ ಯಂತ್ರಕ್ಕೆ ತಿಳಿದಿರಲಿಲ್ಲವೆಂಬುದೇ ನನ್ನ ದೂರಿನ ಬೇರು; ಮುಂದಿನದ್ದೆಲ್ಲ ಕೊಂಬೆ, ಎಲೆ ಮತ್ತು ಕಾಯಿ.

ಕೋವಿಯ ವಿಷಯ ಹೇಳುತ್ತೇನೆ. ಅದು ನಮ್ಮ ಮನೆಯವರಾದ ಸೀನ ಶೆಟ್ಟರ ಹೆಸರಿನಲ್ಲಿದ್ದ ಬೆಳೆರಕ್ಷಣೆಯ ರೈಫಲ್. ಅವರ ಕಣ್ಣಿಗೆ ಪೊರೆ ಬಂದು, ಶಸ್ತ್ರಚಿಕಿತ್ಸೆಯಾದರೂ ದೂರದ್ದು ಮಂಜಾಗಿಯೇ ಉಳಿದ ಮೇಲೆ, ಹಂದಿ ಯಾವುದು ಹುಲ್ಲುಕುತ್ರಿ ಯಾವುದು ಎಂದು ನಿಶ್ಚಯವಾಗದ ಕೈಯಲ್ಲಿ ಕೋವಿ ಇರಬಾರದೆಂದು ಅವರೇ ಅರ್ಜಿ ಕೊಟ್ಟು ನನ್ನ ಹೆಸರಿಗೆ ಮಾಡಿಸಿದರು. ಶೇಂಗಾ ಗದ್ದೆಗೆ ಹಂದಿಗಳ ಹಿಂಡು ಇಳಿದಾಗ ಆಕಾಶಕ್ಕೆ ಒಂದು ಗುಂಡು ಹಾರಿಸಿ ಅವುಗಳನ್ನು ಓಡಿಸುವುದು ನನ್ನ ಕೆಲಸ. ಆಕಾಶಕ್ಕೆ ಗುರಿಯಿಡುವುದರಲ್ಲಿ ನಾನು ಇದುವರೆಗೆ ಒಮ್ಮೆಯೂ ತಪ್ಪಿಲ್ಲ.

ಕಷ್ಟ ಶುರುವಾದದ್ದು ನನ್ನ ತಮ್ಮ ರವಿರಾಜನಿಂದ. ಅವನು ಬ್ರಹ್ಮಾವರದಲ್ಲಿ ಶಾಮಿಯಾನ ಬಾಡಿಗೆಗೆ ಕೊಡುತ್ತಾನೆ. ಆ ಕಡೆಯ ಕೋವಿದಾರರೆಲ್ಲ ಸೇರಿ, ಅನುಮತಿ ಪಡೆದು, ವರ್ಷಕ್ಕೊಮ್ಮೆ ಕಲ್ಲುಕೋರೆಯೊಂದರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುತ್ತಾರೆ. ಅದರಲ್ಲಿ ಅವನೇ ಗೆದ್ದು ಗೆದ್ದು, ಅವನ ಮನೆಯ ಕಪಾಟಿನಲ್ಲಿ ಈಗ ಪಾತ್ರೆ ಇಡಲು ಜಾಗವಿಲ್ಲ. ಅವನ ಹೊಸ ಮನೆಯ ಒಕ್ಕಲಿನ ದಿನ, ನೆಂಟರೆಲ್ಲ ಊಟಕ್ಕೆ ಕುಳಿತಿದ್ದಾಗ, ನಾನು ಬಹುಮಾನದ ಆ ಕಪ್ಪುಗಳನ್ನು ನೋಡಿ ಹೊಡೆಯುವುದು ಅಷ್ಟು ಕಷ್ಟವಾ ಎಂದು ಸುಮ್ಮನೆ ಕೇಳಿದೆ. ಅವನು ಸಾರಿನ ಪಾತ್ರೆ ಹಿಡಿದುಕೊಂಡು ಇಡೀ ಪಂಕ್ತಿಗೆ ಕೇಳುವ ಹಾಗೆ, “ಅಕ್ಕ, ನಿನ್ ಕೋವಿ ಹಂದಿಗ್ ಜೋಗುಳ ಹಾಡುಕೆ ಲಾಯ್ಕ್. ಕಾಯಿಗ್ ಹೊಡುಕೆ ಅಲ್ಲ,” ಎಂದ. ಪಂಕ್ತಿ ನಕ್ಕಿತು. ನಾನೂ ನಕ್ಕೆ, ಆಮೇಲೆ ಈ ವರ್ಷದ ಸ್ಪರ್ಧೆಗೆ ನನ್ನ ಹೆಸರನ್ನೂ ಬರೆಸು ಎಂದೆ. ಸೋತವರು ಗೆದ್ದವರ ಅಂಗಳದಲ್ಲಿ ಒಲೆ ಹೂಡಿ, ಇಡೀ ಕುಟುಂಬಕ್ಕೆ ಕೋಳಿಸುಕ್ಕ ಮಾಡಿ ಬಡಿಸಬೇಕೆಂದು ಪಾಯಸ ಬರುವುದರೊಳಗೆ ತೀರ್ಮಾನವಾಯಿತು.

ಮನೆಗೆ ಬಂದ ಮೇಲೆ ನನಗೆ ನಿಜವಾದ ಹೆದರಿಕೆ ಹುಟ್ಟಿತು, ಮಾನ್ಯರೇ. ಸೋಲು ನನಗೆ ಹೊಸತಲ್ಲ, ಸುಕ್ಕ ಮಾಡುವುದೂ ಹೊಸತಲ್ಲ. ಆದರೆ ಕೆಲವು ತಿಂಗಳಿನಿಂದ ಕೋವಿ ಎತ್ತಿದಾಗ ನನ್ನ ಎಡಗೈ ನಡುಗುತ್ತಿತ್ತು, ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವರ ಕಣ್ಣು ಹೋಯಿತು, ಇನ್ನು ನನ್ನ ಕೈಯೂ ಹೋದರೆ ಗದ್ದೆಯನ್ನು ಹಂದಿಗಳ ಹೆಸರಿಗೇ ಬರೆದುಕೊಡಬೇಕಷ್ಟೆ. ಅಭ್ಯಾಸ ಮಾಡಿದರೆ ಕೈ ನಿಲ್ಲಬಹುದೆನಿಸಿತು, ಆದರೆ ಅಂಗಡಿಯ ಹೊಸ ತೋಟೆ ದುಬಾರಿ, ಕೊಡುವುದೂ ಲೆಕ್ಕ ಹಾಕಿಯೇ. ತಾಯಿಮನೆಗೆ ಬಂದಿದ್ದ ನನ್ನ ಮಗಳು ರಮಿತಾ ಆಗ ಮೊಬೈಲಿನಲ್ಲಿ ತಮ್ಮ ಜಾಹೀರಾತನ್ನು ಓದಿ ಹೇಳಿದಳು: ‘ಬಳಸಿದ ರೈಫಲ್ ತೋಟೆಗಳ ಹಿತ್ತಾಳೆ ಕೋಶಗಳು, ತೊಳೆದು ಹೊಳಪಿಟ್ಟದ್ದು, ಅಭ್ಯಾಸದ ಗುಂಡುಗಳಿಗಾಗಿ ಮರುತುಂಬಲು ಅತ್ಯುತ್ತಮ.’ ನನಗೆ ಪರಿಚಯದ ಕೋವಿ ಅಂಗಡಿಯವರಿಗೆ ಫೋನು ಮಾಡಿ, ಖಾಲಿ ತೋಟೆ ತಂದರೆ ತುಂಬಿಸಿ ಕೊಡುತ್ತೀರಾ ಎಂದು ಕೇಳಿದೆ. ಅವರು ಯಾವುದೋ ಗಿರಾಕಿಯ ಗಡಿಬಿಡಿಯಲ್ಲಿದ್ದು, “ತಕಂಡ್ ಬನ್ನಿ, ಕಾಂಬ,” ಎಂದು ಇಟ್ಟುಬಿಟ್ಟರು. ನಮ್ಮ ಭಾಷೆಯಲ್ಲಿ ‘ಕಾಂಬ’ ಎಂದರೆ ನೋಡೋಣ ಎಂದರ್ಥ, ನೋಡೋಣ ಎಂದರೆ ಬಹುಪಾಲು ಇಲ್ಲ ಎಂದರ್ಥ. ಆದರೆ ಆಸೆ ಹತ್ತಿದವಳಿಗೆ ಅದು ಸರ್ಕಾರದ ಆದೇಶದಂತೆ ಕೇಳಿಸಿತು.

ರಮಿತಾ ಆರ್ಡರು ಹಾಕಿದ ಕೂಡಲೇ ತಮ್ಮ ಯಂತ್ರ ನನಗೆ ಕರೆ ಮಾಡಿತು. ಎಂಥ ವಿನಯ, ಎಂಥ ಕಕ್ಕುಲಾತಿ. ಬೇಬಿಯ ವಯಸ್ಸೆಷ್ಟು ಎಂದು ಕೇಳಿತು, ಅರವತ್ತೊಂದು ಎಂದೆ. ತುಂಬಾ ಸಂತೋಷ, ಬೇಬಿ ಆರೋಗ್ಯವಾಗಿದೆಯೇ ಎಂದಿತು. ಮಂಡಿನೋವು ಬಿಟ್ಟರೆ ಆರೋಗ್ಯವೇ ಎಂದೆ. ಬೇಬಿ ಸರಿಯಾಗಿ ನಿದ್ದೆ ಮಾಡುತ್ತದೆಯೇ ಎಂದು ವಿಚಾರಿಸಿದಾಗ ನನ್ನ ಕಣ್ಣು ತುಂಬಿ ಬಂತು, ಏಕೆಂದರೆ ಮದುವೆಯಾದ ಮೇಲೆ ನನ್ನ ನಿದ್ದೆಯ ಬಗ್ಗೆ ವಿಚಾರಿಸಿದ ಮೊದಲ ಜೀವ ಅದು. ಅದಕ್ಕೆ ಜೀವವಿಲ್ಲ ಎಂಬುದು ಬೇರೆ ಮಾತು. ಹಂದಿಗಳ ಕಾಟದಿಂದ ನಡುನಡುವೆ ಎಚ್ಚರವಾಗುತ್ತದೆ ಎಂದು ಸತ್ಯವನ್ನೇ ಹೇಳಿದೆ.

ತಮ್ಮ ಪಾರ್ಸೆಲ್ಲು ಬಂದ ದಿನ ಅಕ್ಕಪಕ್ಕದ ಹೆಂಗಸರೆಲ್ಲ ನಮ್ಮ ಗದ್ದೆಯಲ್ಲಿ ಶೇಂಗಾ ಕೀಳಲು ಸೇರಿದ್ದರು. ಕೊರಿಯರ್ ತರುವ ರೋಹಿತ್ ಗದ್ದೆಯ ಬದುವಿನ ಮೇಲೆ ಬೈಕು ನಿಲ್ಲಿಸಿ, “ಹ್ವಾಯ್ ಬೇಬಿಯಕ್ಕ, ಮಗಿನ್ ಸಾಮಾನ್ ಬಂತ್,” ಎಂದು ಕರೆದ. ಗುಲಾಬಿ ಬಣ್ಣದ ಕಾಗದ, ಅದರ ಮೇಲೆ ಮೋಡ, ಮೋಡದ ಮೇಲೆ ಆನೆಮರಿ, ಕೆಳಗೆ ‘ಪುಟ್ಟ ಬೇಬಿಗೆ ಅಕ್ಕರೆಯ ಸ್ವಾಗತ’ ಎಂಬ ಬರಹ. ಒಳಗೆ ಹಿತ್ತಾಳೆಯದೇ ಆದ ಒಂದು ಗಿಲಕಿ, ಕೂಸಿಗೆ ಹಾಲು ಕುಡಿಸುವ ಒಳಲೆ, ಹೆಬ್ಬೆರಳಿಗೂ ಸಾಲದಷ್ಟು ಚಿಕ್ಕ ಕಾಲ್ಗೆಜ್ಜೆ. ಕೆಲಸ ಅಚ್ಚುಕಟ್ಟಾಗಿತ್ತು, ಹೊಳಪಂತೂ ಜಾಹೀರಾತಿನಲ್ಲಿ ಹೇಳಿದ್ದಕ್ಕಿಂತ ಒಂದು ಕೈ ಮೇಲು. ನಮ್ಮ ಮನೆಯವರು ಜಗಲಿಯಿಂದ ಎದ್ದು ಬಂದು, ಹೊಸ ಕನ್ನಡಕದಲ್ಲಿ ಒಳಲೆಯನ್ನು ತಿರುಗಿಸಿ ನೋಡಿ, “ನಂಗ್ ಗೊತ್ತಿಲ್ದೆ ಈ ಮನಿಯಗೆ ಯಾರಾರೂ ಹುಟ್ಟಿರಾ?” ಎಂದು ಕೇಳಿ ಮತ್ತೆ ಹೋಗಿ ಕುಳಿತರು.

ಗದ್ದೆಯಲ್ಲಿ ಕೆಲಸ ನಿಂತಿತು. ಎಲ್ಲರ ಕಣ್ಣೂ ರಮಿತಾಳ ಹೊಟ್ಟೆಯ ಮೇಲೆ. ಅವಳ ಮದುವೆಯಾಗಿ ಒಂದು ವರ್ಷವಾಗಿತ್ತು, ತಾಯಿಮನೆಗೆ ಬಂದಿದ್ದಳು, ಮನೆಗೆ ಗಿಲಕಿ ಬಂದಿತ್ತು. ಇನ್ನು ಸಾಕ್ಷಿ ಏನು ಬೇಕು? ಇಲ್ಲ ಎಂದು ನಾವು ಹೇಳಿದಷ್ಟೂ, ಮೊದಲ ತಿಂಗಳುಗಳಲ್ಲಿ ಹಾಗೆಯೇ ಹೇಳಬೇಕು ಎಂದು ಅವರು ತಲೆಯಾಡಿಸಿದರು. ಸುದ್ದಿ ಹೆದ್ದಾರಿಯ ಬಸ್ಸು ಹತ್ತಿ ನಮಗಿಂತ ಮುಂಚೆ ಅವಳ ಗಂಡನ ಮನೆಯಿರುವ ಕೋಟೇಶ್ವರ ತಲುಪಿತು. ಮರುದಿನ ಬೆಳಿಗ್ಗೆ ನನ್ನ ಬೀಗತಿ ಪದ್ದು ಶೆಡ್ತಿ, ಅಂದರೆ ರಮಿತಾಳ ಅತ್ತೆ, ಒಂದು ಕೈಯಲ್ಲಿ ಸೀಯಾಳದ ಗೊನೆ, ಇನ್ನೊಂದು ಕೈಯಲ್ಲಿ ತುಪ್ಪದ ಡಬ್ಬಿ ಹಿಡಿದು, ಮುಖದ ತುಂಬ ಅಜ್ಜಿತನ ತುಂಬಿಕೊಂಡು ನಮ್ಮ ಅಂಗಳಕ್ಕೆ ಬಂದಿಳಿದರು.

ಮಾನ್ಯರೇ, ತಾವು ವ್ಯಾಪಾರದಲ್ಲಿ ಎಷ್ಟೋ ಗಿರಾಕಿಗಳಿಗೆ ಸರಕು ಇಲ್ಲವೆಂದು ಹೇಳಿರಬಹುದು. ಆದರೆ ಮೊಮ್ಮಗುವಿಗೆಂದು ತುಪ್ಪ ತಂದ ಹೆಂಗಸಿಗೆ ಅದನ್ನು ಹೇಳುವ ಸಂಕಟ ತಮಗೆ ಬಾರದಿರಲಿ. ರಮಿತಾ ಕೈ ಹಿಡಿದು ಕೂರಿಸಿ ನಿಜ ಹೇಳಿದಳು. ಪದ್ದು ತುಪ್ಪದ ಡಬ್ಬಿಯನ್ನು ಕೆಳಗಿಟ್ಟರು. ಕೊಟ್ಟ ನೀರು ಕುಡಿದರು, ಗಿಲಕಿಯನ್ನು ಎತ್ತಿ ಒಮ್ಮೆ ಆಡಿಸಿದರು, ಹಾಗಾದರೆ ಇದು ಯಾರಿಗೆ ಎಂದು ಕೇಳಿದರು. ನಾನು ಸ್ಪರ್ಧೆ, ತೋಟೆ, ತಮ್ಮನ ಮಾತು, ಎಲ್ಲವನ್ನೂ ಹೇಳಿ, ಹೇಗೋ ಬಾಯಿ ತಪ್ಪಿ ಕೈ ನಡುಗುವುದನ್ನೂ ಹೇಳಿಬಿಟ್ಟೆ. ಅವರ ಮುಖದಲ್ಲಿ ಅಜ್ಜಿತನ ಇಳಿದು ಬೇರೆ ಏನೋ ಏರುತ್ತಿರುವುದು ನನಗೆ ಕಂಡಿತು. ಅವರು, “ಮಕ್ಕಳ ಮದಿ ದಿನ ನಿಮ್ ತಮ್ಮನ ಶಾಮಿಯಾನ ಸೋರಿ ನನ್ ಹೊಸ ಸೀರಿ ಮೇಲ್ ನೀರ್ ಬಿದ್ದದ್ ನಾನ್ ಮರಿಲಿಲ್ಲೆ, ಬೇಬಿಯಕ್ಕ. ಕೋವಿ ತಕಂಡ್ ಬನ್ನಿ ಕಾಂಬ,” ಎಂದರು. ಈ ‘ಕಾಂಬ’ಕ್ಕೆ ಇಲ್ಲ ಎಂಬ ಅರ್ಥ ಇರಲಿಲ್ಲ.

ತಮ್ಮ ಸಂಸ್ಥೆಯನ್ನು ನಾನು ಮನಸಾರೆ ಹೊಗಳಬೇಕಾದ ಘಟ್ಟ ಇದು. ಪದ್ದು ನನ್ನಿಂದ ಕೋವಿಯನ್ನು ತೆರೆಸಿ, ಒಳಗೆ ತೋಟೆ ಇಲ್ಲವೆಂದು ಬೆರಳು ಹಾಕಿಸಿ ಖಾತ್ರಿ ಮಾಡಿಕೊಂಡು, ಅದರ ಮೂತಿಗೆ ದಾರ ಕಟ್ಟಿ, ದಾರದ ತುದಿಗೆ ತಮ್ಮ ಗಿಲಕಿಯನ್ನು ತೂಗುಹಾಕಿದರು. ಗೋಡೆಯ ಮೇಲೆ ಮಸಿಯಿಂದ ಒಂದು ಬೊಟ್ಟು ಇಟ್ಟರು. ಆ ಬೊಟ್ಟಿಗೆ ಗುರಿ ಹಿಡಿದು ಕೋವಿಯ ಕುದುರೆ, ಅಂದರೆ ಟ್ರಿಗರ್, ಎಳೆಯಬೇಕು, ಗಿಲಕಿ ಸದ್ದು ಮಾಡಕೂಡದು; ಇಷ್ಟೇ ಪಾಠ. ಮೊದಲ ದಿನ ನಮ್ಮ ಮನೆಯಲ್ಲಿ ಹತ್ತು ತೊಟ್ಟಿಲಿನ ಗದ್ದಲ. ದಾರಿಯಲ್ಲಿ ಹೋಗುವವರು ನಿಂತು, ಕೂಸು ಬಲು ಚುರುಕು ಎಂದು ಹರಸಿ ಮುಂದೆ ಹೋದರು. ಪದ್ದು ಊರಿಗೆ ಹೋಗುವ ಮಾತೇ ಆಡದೆ, ತಂದ ತುಪ್ಪವನ್ನೆಲ್ಲ ನನಗೇ ತಿನ್ನಿಸುತ್ತ ಜಗಲಿಯ ಮೇಲೆ ಕಿವಿಗೊಟ್ಟು ಕುಳಿತಿರುತ್ತಿದ್ದರು. ಸದ್ದಾದರೆ ಅವರ ಹುಬ್ಬು ಏರುತ್ತಿತ್ತು, ಆ ಹುಬ್ಬಿಗೆ ಹೆದರಿ ನಾನು ಉಸಿರು ಹಿಡಿಯುವುದನ್ನು ಕಲಿತೆ. ಮೊಣಕೈಯನ್ನು ಪಕ್ಕೆಗೆ ಒತ್ತಿ ನಿಂತರೆ ನಡುಕ ಕಡಿಮೆಯಾಗುತ್ತದೆಂದೂ ಹಾಗೆಯೇ ಗೊತ್ತಾಯಿತು. ಒಂದು ಸಂಜೆ ನಾನು ಕುದುರೆ ಎಳೆದಾಗ ಟಿಕ್ ಎಂಬ ಸದ್ದು ಮಾತ್ರ ಕೇಳಿಸಿತು. ಗಿಲಕಿ ಸುಮ್ಮನಿತ್ತು. ಪದ್ದು, “ಮಗು ಮನಿಕಂತ್,” ಎಂದರು. ಮಗು ಮಲಗಿತಂತೆ. ನನಗೆ ಅಲ್ಲೇ ಕುಳಿತು ಅಳಬೇಕೆನಿಸಿತು, ನಗುವೂ ಬಂತು, ಯಾವುದು ಮೊದಲು ಬಂತೆಂದು ಹೇಳಲಾರೆ.

ಇಷ್ಟಕ್ಕೇ ತಾವು ಬಿಟ್ಟಿದ್ದರೆ ಈ ಪತ್ರ ಬರೀ ಧನ್ಯವಾದದ ಪತ್ರವಾಗುತ್ತಿತ್ತು. ಆದರೆ ರಮಿತಾ ಹಾಕಿದ ತಕರಾರಿಗೆ ಸ್ಪಂದಿಸಿ ತಾವು ನಿಜವಾದ ತೋಟೆಗಳನ್ನೂ ಕಳುಹಿಸಿದಿರಿ. ಈ ಸಲ ಪೊಟ್ಟಣದ ಮೇಲೆ ‘ಬೇಬಿ, ಯಡ್ತರೆ’ ಎಂದಷ್ಟೇ ಇದ್ದದ್ದರಿಂದ, ರೋಹಿತ್ ರಜೆಯಲ್ಲಿದ್ದಾಗ ಬಂದ ಹೊಸಬ ಅದನ್ನು ಯೋಚಿಸಿ ಯೋಚಿಸಿ ಅಂಗನವಾಡಿಗೆ ತಲುಪಿಸಿದ. ಅಂಗನವಾಡಿಯ ಟೀಚರು ಅನಿಷಾ ಸರ್ಕಾರದಿಂದ ಆಟಿಕೆ ಬಂತೆಂದು ಬಿಚ್ಚಿದಳು. ಹೊಳೆಯುವ ಖಾಲಿ ತೋಟೆಯ ಬಾಯಿಗೆ ತುಟಿ ಇಟ್ಟು ಊದಿದರೆ ಚೆನ್ನಾಗಿ ಸಿಳ್ಳೆ ಬರುತ್ತದೆಂದು ಮಕ್ಕಳು ಕ್ಷಣದಲ್ಲಿ ಕಂಡುಹಿಡಿದರು. ಇಡೀ ಅಂಗನವಾಡಿ ರೈಲು ನಿಲ್ದಾಣವಾಯಿತು. ತಾನು ಹಂಚಿದ್ದು ಏನೆಂದು ಅನಿಷಾಳಿಗೆ ಗೊತ್ತಾದಾಗ ಅವಳು ಮಾಡಬೇಕಾದದ್ದನ್ನೇ ಮಾಡಿದಳು. ಪೊಲೀಸರಿಗೆ ಫೋನು ಮಾಡಿದಳು.

ಬಂದವರು ಸಬ್ ಇನ್‌ಸ್ಪೆಕ್ಟರರು ಮತ್ತು ನಮ್ಮ ಊರಿನ ಕಡೆಯವನೇ ಆದ ಕಾನ್‌ಸ್ಟೇಬಲ್ ಲೀಲಾಧರ. ಸಬ್ ಇನ್‌ಸ್ಪೆಕ್ಟರರು ನಮ್ಮ ಜಗಲಿಯಲ್ಲಿ ಕುಳಿತು, ಬೇಬಿಯನ್ನು ಕರೆಯಿರಿ ಎಂದರು. ನಾನೇ ಎಂದೆ. ಅವರು ಪೊಟ್ಟಣದ ವಿಳಾಸವನ್ನೊಮ್ಮೆ, ನನ್ನ ಬಿಳಿಗೂದಲನ್ನೊಮ್ಮೆ ನೋಡಿದರು. ಆಮೇಲೆ ಗಂಭೀರವಾಗಿ ಹೇಳಿದರು: ಖಾಲಿಯೇ ಆಗಲಿ, ಹೀಗೆ ಎಲ್ಲೆಂದರಲ್ಲಿ ತೋಟೆ ತರಿಸುವುದು ತಪ್ಪು, ಅಪ್ಪಣೆಯಿಲ್ಲದೆ ತುಂಬಿಸುವುದು ಇನ್ನೂ ದೊಡ್ಡ ತಪ್ಪು, ಪರವಾನಗಿ ರದ್ದಾಗಿ ಕೋವಿ ಠಾಣೆ ಸೇರಬಹುದು. ಸ್ಪರ್ಧೆಗೆ ಎರಡು ದಿನ ಉಳಿದಿತ್ತು. ಸೋಲುವುದಿರಲಿ, ಗದ್ದೆ ಕಾಯುವ ಕೋವಿಯನ್ನೇ ನಾನು ಕಳೆದೆನಲ್ಲ ಎಂದು ಮನೆಯವರ ಮುಖ ನೋಡಲಾಗಲಿಲ್ಲ. ಅವರು ಮಾತ್ರ ಎದ್ದು ಬಂದು, ಪ್ರಾಯ ಆದವಳು, ತಿಳಿಯದೆ ಮಾಡಿದ್ದು, ಬೇಕಾದರೆ ತನ್ನನ್ನು ಕರೆದುಕೊಂಡು ಹೋಗಿ ಎಂದು ಮೆಲ್ಲಗೆ ಹೇಳಿದರು. ಕೋವಿ ಹೆಸರಿನಲ್ಲಿದ್ದರೂ ಅವರು ಪಟಾಕಿಗೂ ಹೆದರುವ ಮನುಷ್ಯ, ಮಾನ್ಯರೇ.

ಅಷ್ಟರಲ್ಲಿ ಲೀಲಾಧರ ಒಂದು ತೋಟೆಯನ್ನು ಬೆಳಕಿಗೆ ಹಿಡಿದು ಅದರೊಳಗಿಂದ ನನ್ನನ್ನೇ ನೋಡಿದ. ಆಚೆ ಕಡೆಯಿಂದ ಅವನ ಕಣ್ಣು ನನಗೆ ಕಂಡಿತು. ತಮ್ಮ ಸಂಸ್ಥೆ ಮರುತುಂಬಲು ಅತ್ಯುತ್ತಮವೆಂದು ಮಾರಿದ ಪ್ರತಿಯೊಂದು ತೋಟೆಯ ತಳಕ್ಕೂ ತೂತು ಕೊರೆದಿತ್ತು. ಕೀಲಿಕೈಗೆ ಪೋಣಿಸುವ ಅಲಂಕಾರದ ಸಾಮಾನು ಅದು. ಸಾಲದ್ದಕ್ಕೆ ನನ್ನ ಕೋವಿಯ ಅಳತೆಯದ್ದೂ ಅಲ್ಲ. ಲೀಲಾಧರ ಸಾಹೇಬರತ್ತ ತಿರುಗಿ, “ಸರ್, ಇದ್ರಗೆ ಮದ್ದ್ ತುಂಬ್ಸಿರೆ ಹಿಂದಿಂದ ಸೋರತ್ತ್. ಬೀಗದ್ ಕೈ ಕಟ್ಟುಕೆ ಆತ್ತ್ ಅಷ್ಟೆ,” ಎಂದ. ಸಬ್ ಇನ್‌ಸ್ಪೆಕ್ಟರರು ಮೀಸೆಯ ಕೆಳಗೆ ನಗುವನ್ನು ಬಚ್ಚಿಟ್ಟುಕೊಂಡು, ನನ್ನಿಂದ ಮುಚ್ಚಳಿಕೆ ಬರೆಸಿಕೊಂಡು, ತೋಟೆಗಳ ಪೊಟ್ಟಣವನ್ನು ತೆಗೆದುಕೊಂಡು ಹೋದರು. ಕೋವಿಯನ್ನು ಬಿಟ್ಟು ಹೋದರು. ಮಕ್ಕಳಿಂದ ಸಿಳ್ಳೆ ಕಿತ್ತುಕೊಳ್ಳುವುದು ಮಾತ್ರ ಲೀಲಾಧರನ ನೌಕರಿಯಲ್ಲೇ ಅತ್ಯಂತ ಕಠಿಣ ಕಾರ್ಯಾಚರಣೆಯಾಯಿತೆಂದು ಕೇಳಿದೆ. ಹೀಗೆ ತಮ್ಮ ಮೋಸವೇ ನನ್ನನ್ನು ಕಾಪಾಡಿತು. ತಾವು ಹೇಳಿದಂಥ ಮಾಲನ್ನೇ ಕಳುಹಿಸಿದ್ದರೆ ನಾನು ಇವತ್ತು ಎಲ್ಲಿರುತ್ತಿದ್ದೆನೋ. ಸುಳ್ಳು ಜಾಹೀರಾತಿಗೆ ನಾನು ಋಣಿ.

ಸ್ಪರ್ಧೆಗೆ ಅಂಗಡಿಯಿಂದ ರಸೀದಿ ಸಮೇತ ತಂದ ಕೆಲವು ಹೊಸ ತೋಟೆಗಳನ್ನೇ ಒಯ್ದೆ. ಅಭ್ಯಾಸಕ್ಕೆ ಒಂದನ್ನೂ ಸುಟ್ಟಿರಲಿಲ್ಲವಾದ್ದರಿಂದ ಎಲ್ಲವೂ ಉಳಿದಿದ್ದವು. ಬ್ರಹ್ಮಾವರದ ಆ ಕೋರೆಯಲ್ಲಿ ಗಂಡಸರ ಸಾಲಿನ ನಡುವೆ ನಾನು ನಿಂತಾಗ ಯಾರೋ ಕುರ್ಚಿ ತಂದು ಹಾಕಿದರು. ಪದ್ದು ಅದರ ಮೇಲೆ ಕುಳಿತರು. ಮೊದಲ ಸುತ್ತಿನಲ್ಲಿ ರವಿರಾಜನ ಕಾಯಿ ಸಿಡಿಯಿತು, ನನ್ನದೂ ಸಿಡಿಯಿತು. ಉಳಿದವರ ಕಾಯಿಗಳು ಚಟ್ನಿಗೆ ಉಳಿದವು. ಎರಡನೆಯ ಸುತ್ತಿಗೆ ಕಾಯಿಯನ್ನು ಇನ್ನೂ ದೂರದಲ್ಲಿ ಕಟ್ಟಿದರು. ರವಿರಾಜ ಮೊದಲು ನಿಂತ. ಅವನು ಗುರಿ ಹಿಡಿಯುವ ಮೊದಲು ಯಾಕೋ ತಿರುಗಿ ನೋಡಿದ, ಪದ್ದು ಶೆಡ್ತಿಯ ಏರಿದ ಹುಬ್ಬು ಅವನಿಗೆ ಕಂಡಿತು. ಅವನ ಗುಂಡು ಕಾಯಿ ಕಟ್ಟಿದ ಹಗ್ಗದ ಪಕ್ಕದ ಕಲ್ಲಿನಿಂದ ಪುಡಿ ಹಾರಿಸಿತು.

ಆಮೇಲೆ ನಾನು ನಿಂತೆ. ಕೈ ನಡುಗಿತು, ಇಲ್ಲವೆನ್ನುವುದಿಲ್ಲ. ಮೊಣಕೈಯನ್ನು ಪಕ್ಕೆಗೆ ಒತ್ತಿದೆ, ಉಸಿರನ್ನು ಅರ್ಧಕ್ಕೆ ಬಿಟ್ಟೆ, ಎಲ್ಲ ಸದ್ದೂ ನಿಲ್ಲುವ ತನಕ ಕಾದೆ. ಕುದುರೆ ಎಳೆದದ್ದು ನೆನಪಿಲ್ಲ. ನೆನಪಿರುವುದು, ಮಧ್ಯಾಹ್ನದ ಬಿಸಿಲಿನಲ್ಲಿ ಕಾಯಿಯ ನೀರು ಬಿಳಿ ಹೂವಿನ ಹಾಗೆ ಅರಳಿ ಚೆಲ್ಲಿದ್ದು, ನಮ್ಮ ಮನೆಯವರು ಕಿವಿಯಿಂದ ಬೆರಳು ತೆಗೆದು, ಎಂತ ಆಯಿತು, ಎಂತ ಆಯಿತು ಎಂದು ಪಕ್ಕದವರನ್ನೆಲ್ಲ ಕೇಳುತ್ತಿದ್ದದ್ದು. ರವಿರಾಜ ನನ್ನ ಹತ್ತಿರ ಬಂದು ಕೋವಿಯನ್ನು ಇಳಿಸಿಕೊಂಡ. ಅದರ ಮೂತಿಯನ್ನೊಮ್ಮೆ ನೋಡಿ, “ಅಕ್ಕ, ಸುಕ್ಕಕ್ಕೆ ಖಾರ ಎಷ್ಟ್ ಹಾಕೂದ್?” ಎಂದು ಕೇಳಿದ. ಚಿಕ್ಕಂದಿನಲ್ಲಿ ಪೆಟ್ಟು ತಿಂದ ಮೇಲೆ ಮಾತಾಡುತ್ತಿದ್ದ ಅದೇ ಸ್ವರದಲ್ಲಿ. ನಾನು, ಬೀಗತಿಯವರನ್ನು ಕೇಳು ಎಂದೆ.

ಆದ್ದರಿಂದ ಮಾನ್ಯರೇ, ನನಗೆ ಪರಿಹಾರ ಬೇಡ. ಆದರೆ ಕೆಲವು ವಿನಮ್ರ ಕೋರಿಕೆಗಳಿವೆ. ತಮ್ಮ ಜಾಹೀರಾತಿನಲ್ಲಿ ‘ಮರುತುಂಬಲು’ ಎಂಬುದನ್ನು ಅಳಿಸಿ ‘ಊದಲು’ ಎಂದು ಬರೆಯಿಸಿರಿ. ಸಿಳ್ಳೆಯ ಗುಣಮಟ್ಟಕ್ಕೆ ಒಂದು ಅಂಗನವಾಡಿಯಷ್ಟು ಸಾಕ್ಷಿಗಳನ್ನು ನಾನು ಒದಗಿಸುತ್ತೇನೆ. ಹೆಸರು ಕೇಳಿ ಪ್ರಾಯ ನಿರ್ಧರಿಸುವ ತಮ್ಮ ಯಂತ್ರವನ್ನು ಕೆಲವು ದಿನ ಯಡ್ತರೆಯಲ್ಲಿ ಬಿಡಿರಿ, ಶೇಂಗಾ ಕೀಳುವ ಹೆಂಗಸರು ಅದಕ್ಕೆ ಲೋಕಜ್ಞಾನ ಕಲಿಸಿ ಕಳುಹಿಸುತ್ತಾರೆ. ಮತ್ತು ಪದ್ದು ಶೆಡ್ತಿಯವರಿಗೆ ನಿರಾಸೆಯಾದದ್ದಕ್ಕೆ ಪರಿಹಾರವಾಗಿ, ನನ್ನ ಮಗಳಿಗೂ ಅಳಿಯ ಸುಜನನಿಗೂ ಯಾವ ಒತ್ತಾಯವೂ ಆಗದಂತೆ, ಅವರಿಗೆ ಒಂದು ಮೊಮ್ಮಗುವನ್ನು ತಮ್ಮ ಸಂಸ್ಥೆಯ ವತಿಯಿಂದಲೇ ಒದಗಿಸಿಕೊಡಬೇಕಾಗಿ ಪ್ರಾರ್ಥನೆ. ಬಳಸಿದ್ದಾದರೂ ಅಡ್ಡಿಯಿಲ್ಲ, ತೂತಿರಬಾರದು.

ಇಷ್ಟಾದ ಮೇಲೂ ಹೇಗೋ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,

ಬೇಬಿ ಶೆಡ್ತಿ
ಯಡ್ತರೆ, ಬೈಂದೂರು

ತಾಜಾಕಲಂ: ಮುಂದಿನ ವರ್ಷ ತೆಂಗಿನಕಾಯಿ ದಂಡ ಮಾಡುವುದು ಬೇಡ, ಬೇರೆ ಗುರಿ ಇಡೋಣ ಎಂದು ಕೋವಿದಾರರೆಲ್ಲ ಸೇರಿ ತೀರ್ಮಾನಿಸಿದ್ದಾರೆ. ತಮ್ಮ ಜಾಹೀರಾತಿನ ದೊಡ್ಡದೊಂದು ಫಲಕವನ್ನು ದಯವಿಟ್ಟು ಕಳುಹಿಸಿಕೊಡಿ. ಈ ಸಲ ತಾವು ವಿಳಾಸ ತಪ್ಪದಿದ್ದರೆ ಸಾಕು, ಗುರಿ ತಪ್ಪದಂತೆ ನಾವು ನೋಡಿಕೊಳ್ಳುತ್ತೇವೆ.